ಬೀಗದ ಕೈ ಅಮ್ಮನ ಸೊಂಟದಲ್ಲಿರಲಿ



ಕಳೆದ ಸಲ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದಂತೆ ಕಾಪಾಡುವ ಬಗೆ ಬರೆದಿದ್ದೆ. ಈ ಸಲದ ವಿಷಯ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕುವಂಥದ್ದಲ್ಲ. ವಯಸ್ಸಾದ ತಾಯಿಗೋ ತಂದೆಗೋ ಕಡಿಮೆ ಹಣದಲ್ಲಿ ಒಂದು ಮನೆ ಹುಡುಕುವುದು ಹೇಗೆ? "ಮಕ್ಕಳಿರುವಾಗ ಬಾಡಿಗೆ ಮನೆಯೇ?" ಎಂದು ಹುಬ್ಬೇರಿಸಬೇಡಿ. ಮೊದಲು ನಾನೂ ಹಾಗೇ ಅಂದಿದ್ದೆ.

ನನ್ನ ಆಯಿಗೆ ಈಗ 74 ವರ್ಷ. ಯಲ್ಲಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ, ಹಂಚಿನ ಮನೆ. ಬಸ್ಸು ನಿಲ್ಲುವಲ್ಲಿಗೆ ನಾಲ್ಕು ಕಿಲೋಮೀಟರ್ ದಾರಿ. ಅಪ್ಪಯ್ಯ 2016ರಲ್ಲೇ ಮನೆ, ತೋಟ ಎರಡನ್ನೂ ದೊಡ್ಡಣ್ಣನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದರು. "ಹೇಗೂ ಅವನೇ ನೋಡಿಕೊಳ್ಳುವವನು" ಎಂಬ ನಂಬಿಕೆ. 2019ರಲ್ಲಿ ಅಪ್ಪಯ್ಯ ಹೋದರು. ಅಣ್ಣ ಬೆಂಗಳೂರಿನಲ್ಲಿ, ಆಯಿ ಒಬ್ಬಳೇ ಹಳ್ಳಿಯಲ್ಲಿ. 2021ರ ಜುಲೈನಲ್ಲಿ ನಮ್ಮದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಎಲ್ಲ ಹೋದದ್ದು ನಿಮಗೆ ನೆನಪಿರಬಹುದು. ಆಮೇಲೆ ಪ್ರತಿ ಮಳೆಗಾಲವೂ ನಮಗೆ ನಿದ್ದೆಯಿಲ್ಲ. 2023ರಲ್ಲಿ ಅಣ್ಣ ತೋಟ, ಮನೆ ಮಾರಿಬಿಟ್ಟ. ಕೆಲಸಕ್ಕೆ ಆಳು ಸಿಗುವುದಿಲ್ಲ, ದೂರದಿಂದ ನೋಡಿಕೊಳ್ಳಲಾಗುವುದಿಲ್ಲ ಅಂದ. ಅದು ಸುಳ್ಳೂ ಅಲ್ಲ.

ಆಯಿ ಬೆಂಗಳೂರಿಗೆ ಹೋದಳು. ಆರನೇ ಮಹಡಿ. ಲಿಫ್ಟಿನ ಗುಂಡಿ ಒತ್ತಲು ಭಯ. ಮಗ ಸೊಸೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಯಾರೂ ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಆದರೂ ನಾಲ್ಕೇ ತಿಂಗಳಲ್ಲಿ ಆಯಿ ಸಿದ್ದಾಪುರದ ನಮ್ಮ ಮನೆಗೆ ಬಂದು ಚೀಲ ಇಳಿಸಿ ಕೂತಳು. "ಕೂಸೇ, ನಂಗೆ ಒಂದು ಕೋಣೆ ಸಾಕು. ಬೀಗದ ಕೈ ಮಾತ್ರ ನನ್ನ ಹತ್ರ ಇರವು" ಅಂದಳು.

ನಮ್ಮಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವಿರಿ. ನಮ್ಮ ಮನೆಯಲ್ಲಿ ಇರುವುದು ಎರಡು ಕೋಣೆ. ಹಾಸಿಗೆ ಹಿಡಿದ ಅತ್ತೆಯವರು ಒಂದರಲ್ಲಿ. ಶಿರಸಿಯಲ್ಲಿರುವ ತಂಗಿಯ ಮನೆಯೂ ಹಾಗೇ. ಎಲ್ಲಕ್ಕಿಂತ ಮುಖ್ಯವಾಗಿ, ಐವತ್ತು ವರ್ಷ ತನ್ನ ಒಲೆ ತಾನು ಹಚ್ಚಿದವಳಿಗೆ ಇನ್ನೊಬ್ಬರ ಅಡಿಗೆಮನೆಯಲ್ಲಿ "ಸಾಸಿವೆ ಎಲ್ಲಿದ್ದು?" ಎಂದು ಕೇಳುತ್ತಾ ಬದುಕುವುದು ಬೇಡವಾಗಿತ್ತು. ಅದನ್ನು ಹಟ ಅನ್ನಬೇಡಿ.

ಮನೆ ಹುಡುಕುವ ಮೊದಲು ನಾವು ಒಂದು ನೋಟುಬುಕ್ಕು ತೆಗೆದುಕೊಂಡು ಆಯಿಯ ಆದಾಯ ಬರೆದೆವು. ನೀವೂ ಹಾಗೇ ಮಾಡಿ. ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ. 65 ವರ್ಷ ದಾಟಿದ, ಆದಾಯ ತೀರ ಕಡಿಮೆ ಇರುವವರಿಗೆ ಇದು ಸಿಗುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಹಳ್ಳಿಯ ಪಡಿತರ ಚೀಟಿಯಲ್ಲಿ ಆಯಿಯೇ ಯಜಮಾನಿ, ಆದ್ದರಿಂದ ಗೃಹಲಕ್ಷ್ಮಿಯ 2,000. ಒಟ್ಟು 3,200. ಜೊತೆಗೆ ಚೀಟಿಯ ಅಕ್ಕಿ. ನಿಮ್ಮ ಅಮ್ಮನ ಹೆಸರು ಯಾರ ಚೀಟಿಯಲ್ಲಿದೆ, ಹಣ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಮೊದಲು ನೋಡಿ. ಸರ್ಕಾರದ ಹಣ ಒಂದೆರಡು ತಿಂಗಳು ತಡವಾಗುವುದೂ ಉಂಟು. ಅದಕ್ಕೇ ಎರಡು ತಿಂಗಳ ಬಾಡಿಗೆಯಷ್ಟು ಹಣ ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿರಬೇಕು.

ಆಮೇಲೆ ಮೂರು ಊರು ಸುತ್ತಿದೆವು. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ, ಓಡಾಟದ ಖರ್ಚು ಉಳಿಯಿತು.

ಯಲ್ಲಾಪುರ ಪೇಟೆಯಲ್ಲಿ 2,500 ರೂಪಾಯಿಗೆ ಚೊಕ್ಕ ಮನೆ ಸಿಕ್ಕಿತು. ಅಂಗಡಿಯವರು, ದೇವಸ್ಥಾನದವರು ಎಲ್ಲ ಆಯಿಗೆ ಪರಿಚಯ. ಆದರೆ ನಮ್ಮವರು ಅಂತ ಅಲ್ಲಿ ಯಾರೂ ಇಲ್ಲ. ಸಿದ್ದಾಪುರದಲ್ಲಿ ನಮ್ಮ ಮನೆ ಹತ್ತಿರವೇ ಒಂದು ಸಿಕ್ಕಿತು, 2,800. ಆದರೆ ಹದಿನಾಲ್ಕು ಮೆಟ್ಟಿಲು, ಹಿಡಿಕೆ ಇಲ್ಲ, ಮಳೆಯಲ್ಲಿ ಪಾಚಿ. ಶಿರಸಿಯ ಮರಾಠಿಕೊಪ್ಪದ ಕಡೆ ಒಂದು ಮನೆಯ ಹಿಂಭಾಗ, ಒಂದು ಕೋಣೆ, ಅಡಿಗೆಮನೆ, ಬಚ್ಚಲು. ಬಾಡಿಗೆ 4,000, ಮುಂಗಡ 20,000. ತಂಗಿಯ ಮನೆಯಿಂದ ಹತ್ತು ನಿಮಿಷದ ನಡಿಗೆ.

ಎಲ್ಲಕ್ಕಿಂತ ದುಬಾರಿಯಾದ ಆ ಮನೆಯನ್ನೇ ಹಿಡಿದೆವು. ಯಾಕೆ ಹೇಳಿ? ಹಳ್ಳಿಯಲ್ಲಿದ್ದಾಗ ಒಂದು ರಾತ್ರಿ ಆಯಿಗೆ ಎದೆ ಹಿಡಿದಂತಾಗಿ ಕಾರು ಗೊತ್ತು ಮಾಡಿ ಶಿರಸಿಗೆ ತಂದಿದ್ದೆವು. ಒಂದೇ ಸಲಕ್ಕೆ 2,000 ರೂಪಾಯಿ, ಕಾರು ಬರುವವರೆಗಿನ ಒಂದೂವರೆ ತಾಸಿನ ಸಂಕಟ ಬೇರೆ. ಶಿರಸಿಯಲ್ಲಾದರೆ ಪಂಡಿತ ಸರ್ಕಾರಿ ಆಸ್ಪತ್ರೆ ಊರಿನಲ್ಲೇ ಇದೆ, ಆಟೋ ಸಿಗುತ್ತದೆ. ಬಾಡಿಗೆ ಕಡಿಮೆ ಇದ್ದ ಮಾತ್ರಕ್ಕೆ ಮನೆ ಅಗ್ಗವಾಗುವುದಿಲ್ಲ, ಸೋದರಿಯರೇ. ನಡುರಾತ್ರಿ ಕೂಗಿದರೆ ಯಾರು ಬರುತ್ತಾರೆ ಎಂಬುದನ್ನೂ ಬಾಡಿಗೆಯ ಲೆಕ್ಕದಲ್ಲಿ ಸೇರಿಸಬೇಕು.

ಆ ಮನೆಯೂ ಸುಲಭಕ್ಕೆ ಸಿಗಲಿಲ್ಲ. ಅದಕ್ಕೆ ಮುಂಚೆ ಮೂರು ಕಡೆ "ಒಬ್ಬರೇ ವಯಸ್ಸಾದವರಿಗೆ ಕೊಡೂದಿಲ್ಲ, ಏನಾದ್ರೂ ಆದ್ರೆ ನಮ್ಮ ತಲೆಗೆ ಬರ್ತದೆ" ಅಂದರು. ಅವರ ಹೆದರಿಕೆಯೂ ತಿಳಿಯುವಂಥದ್ದೇ. ನಾಲ್ಕನೆಯವರಲ್ಲಿ ನಾವು ಮೊದಲೇ ಹೇಳಿದೆವು: ಕರಾರು ಪತ್ರ ಆಯಿಯ ಹೆಸರಿನಲ್ಲಿ, ಜಾಮೀನು ರುಜು ನನ್ನದು ಮತ್ತು ತಂಗಿಯದು, ಗೋಡೆಯ ಮೇಲೆ ಇಬ್ಬರ ಫೋನ್ ನಂಬರು, ದಿನಾ ಸಂಜೆ ತಂಗಿ ಬಂದು ಹೋಗುತ್ತಾಳೆ. ಮನೆಯೊಡತಿ ಸ್ವಲ್ಪ ಯೋಚಿಸಿ, "ನಂಗೂ ಮಾತಿಗೆ ಜನ ಆಯ್ತು ಬಿಡಿ" ಅಂದರು.

ಮನೆ ನೋಡುವಾಗ ಗಮನಿಸಬೇಕಾದ್ದು ಇಷ್ಟು. ಬಚ್ಚಲಿಗೆ ಇಳಿಯುವ ಮೆಟ್ಟಿಲು ಇದೆಯೇ, ನೆಲ ಜಾರುತ್ತದೆಯೇ? ಕೂತು ಏಳಲು ಅನುಕೂಲವಾದ ಕಮೋಡ್ ಇದೆಯೇ? ಇಲ್ಲದಿದ್ದರೆ ಹಾಕಿಸಲು ಒಪ್ಪುತ್ತಾರೆಯೇ? ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ? ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ. ಆದರೆ ಒಮ್ಮೆ ಜೋರು ಮಳೆಯಲ್ಲೇ ಹೋಗಿ ಮಾಡು ಸೋರುತ್ತದೋ ನೋಡಿ. ವಿದ್ಯುತ್ ಮೀಟರು ಬೇರೆ ಇದೆಯೇ? ಬೇರೆ ಇದ್ದರೆ ಬಾಡಿಗೆಯವರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಮಲಗುವ ಜಾಗದಿಂದ ಬಚ್ಚಲಿನವರೆಗೆ ಗೋಡೆ ಹಿಡಿದುಕೊಂಡು ಹೋಗಲು ಬರುತ್ತದೆಯೇ? ನಾವು ಬಚ್ಚಲಲ್ಲಿ ಕಬ್ಬಿಣದ ಹಿಡಿಕೆಯೊಂದನ್ನು ಹಾಕಿಸಿದೆವು.

ಇನ್ನು ಹಣದ ವಿಷಯ. ಬಾಡಿಗೆ 4,000, ಊಟ, ಗ್ಯಾಸು, ಹಾಲು, ಔಷಧ 3,500. ಒಟ್ಟು 7,500. ಆಯಿಯ 3,200 ಕಳೆದರೆ 4,300 ಕೊರತೆ. ನಾವು ಜಗಳವಾಡಲಿಲ್ಲ. ನೋಟುಬುಕ್ಕಿನ ಹಾಳೆಯನ್ನೇ ಫೋಟೋ ತೆಗೆದು ಅಣ್ಣನಿಗೂ ಹುಬ್ಬಳ್ಳಿಯ ತಮ್ಮನಿಗೂ ಕಳಿಸಿದೆವು. ಎರಡು ದಿನ ಅಣ್ಣನಿಂದ ಉತ್ತರವಿಲ್ಲ. ಮೂರನೇ ದಿನ ಫೋನ್ ಮಾಡಿ 2,500 ಹಾಕುತ್ತೇನೆ ಅಂದ. ತಮ್ಮ 1,000, ಮುಂಗಡವೂ ಅವನದೇ. ನಾನು, ತಂಗಿ ತಲಾ 400. ನನ್ನ ಪಾಲು ಹಲಸಿನ ಹಪ್ಪಳ ಮಾರಿದ ದುಡ್ಡಿನಿಂದ. ಎಲ್ಲವೂ ತಿಂಗಳ ಮೂರನೇ ತಾರೀಕಿಗೆ ಆಯಿಯ ಬ್ಯಾಂಕ್ ಖಾತೆಗೆ ತಾನೇ ಜಮೆಯಾಗುತ್ತದೆ. ಯಾರೂ ಕೈಗೆ ಕೊಡುವುದಿಲ್ಲ. ಕೈಗೆ ಕೊಟ್ಟರೆ ಅದು ದಾನದಂತೆ ಆಗುತ್ತದೆ, ಪ್ರತಿ ತಿಂಗಳೂ ಕೇಳಬೇಕಾಗುತ್ತದೆ. ಬಾಡಿಗೆಯನ್ನು ಆಯಿಯೇ ಎಣಿಸಿ ಕೊಟ್ಟು ರಸೀತಿ ಪಡೆಯುತ್ತಾಳೆ.

ಮಕ್ಕಳು ಒಪ್ಪದಿದ್ದರೆ? ಅದಕ್ಕೆ ಕಾನೂನಿದೆ. 2007ರ ತಂದೆ ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ. ಮಗನಂತೆ ಮಗಳಿಗೂ ಈ ಜವಾಬ್ದಾರಿ ಇದೆ, ನೆನಪಿರಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಶಿರಸಿಯ ಎ.ಸಿ. ಕಚೇರಿಯಲ್ಲಿ ಅರ್ಜಿ ಕೊಡಬಹುದು. ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅಧಿಕಾರವಿದೆ. ನೋಟೀಸು ಮುಟ್ಟಿದ 90 ದಿನದೊಳಗೆ ತೀರ್ಮಾನ ಆಗಬೇಕೆಂದೂ ಕಾಯಿದೆ ಹೇಳುತ್ತದೆ. ದಾರಿ ತಿಳಿಯದವರು 14567ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ. ಮಕ್ಕಳೇ ಇಲ್ಲದವರು, ಒಂದು ಕೋಣೆಯ ಬಾಡಿಗೆಗೂ ದಾರಿಯಿಲ್ಲದವರು ವೃದ್ಧಾಶ್ರಮದ ಬಗ್ಗೆಯೂ ಅಲ್ಲೇ ಕೇಳಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅರ್ಜಿಯ ಮಾತು ಬಂದಾಗ ನಮ್ಮ ಆಯಿ, "ಹೆತ್ತ ಮಗನ ಮೇಲೆ ನಾ ಅರ್ಜಿ ಕೊಡ್ತಿಲ್ಲೆ" ಅಂದಳು. ಕೊಟ್ಟಿದ್ದರೂ ಮನೆ ತಿರುಗಿ ಸಿಗುತ್ತಿತ್ತೆಂದು ಹೇಳಲಾರೆ. ಅದೇ ಕಾಯಿದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹಾಗೆಂದಿದೆ. ಅಪ್ಪಯ್ಯನ ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಎಂದು ಬರೆದಿತ್ತೇ ಹೊರತು ಆಯಿ ಎಲ್ಲಿರಬೇಕೆಂಬ ಒಂದು ಸಾಲೂ ಇರಲಿಲ್ಲ. ಆ ದಿನ ರುಜು ಹಾಕುವಾಗ ನಾನೂ ಪಕ್ಕದಲ್ಲೇ ಇದ್ದೆ. ಚಹಾ ತಂದುಕೊಟ್ಟೆನೇ ಹೊರತು ಪತ್ರ ಓದಲಿಲ್ಲ. ಆ ತಪ್ಪು ನನ್ನದೂ ಹೌದು.

ಆದ್ದರಿಂದ ನಿಮ್ಮ ತವರಿನಲ್ಲಿ ಅಂಥ ಪತ್ರ ಇನ್ನೂ ಆಗಿಲ್ಲದಿದ್ದರೆ, ಅಥವಾ ನಾಳೆ ನೀವೇ ಬರೆಯುವ ಹೊತ್ತು ಬಂದರೆ, ಒಂದು ಮಾತು ಸೇರಿಸಿ: ಬದುಕಿರುವವರೆಗೆ ಇದೇ ಮನೆಯಲ್ಲಿ ವಾಸಿಸುವ ಹಕ್ಕು, ಊಟ, ಬಟ್ಟೆ, ಔಷಧದ ಹೊಣೆ ಪಡೆದವರದ್ದು. ಇನ್ನೊಂದು ಸಂಗತಿ. 1956ರ ಹಿಂದೂ ವಾರಸಾ ಕಾಯಿದೆಯಂತೆ, ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು. ಹದಿಮೂರನೇ ದಿನದ ಗದ್ದಲದಲ್ಲಿ "ಇಲ್ಲೊಂದು ರುಜು ಹಾಕು" ಎಂದು ಯಾರಾದರೂ ಕಾಗದ ತಂದರೆ, "ಓದಿ ಹೇಳು" ಅನ್ನಿ. ಓದಿಸಿಕೊಂಡ ಮಾತ್ರಕ್ಕೆ ಅಪನಂಬಿಕೆ ಅಂತ ಯಾಕೆ ತಿಳಿಯಬೇಕು?

ಮೊದಮೊದಲು ಜನ ಆಡಿಕೊಂಡರು. "ನಾಲ್ಕು ಮಕ್ಕಳಿದ್ದೂ ತಾಯಿಯನ್ನು ಬಾಡಿಗೆ ಮನೆಗೆ ಹಾಕಿದರು" ಅಂತ ಮದುವೆ ಮನೆಯೊಂದರಲ್ಲಿ ನನ್ನೆದುರಿಗೇ ಅಂದರು. ಊಟ ಗಂಟಲಲ್ಲಿ ಇಳಿಯಲಿಲ್ಲ. ಹೋಗಿ ಆಯಿಗೆ ಹೇಳಿದರೆ ಅವಳು ನಕ್ಕು, "ಹಾಕಿದ್ದಲ್ಲ, ನಾ ಬಂದಿದ್ದು ಹೇಳಿ ಹೇಳು" ಅಂದಳು.

ಕಳೆದ ವಾರ ಹೋಗಿದ್ದೆ. ಬಚ್ಚಲ ನೀರು ಹೋಗುವಲ್ಲಿ ಒಂದೆಲಗದ ಬಳ್ಳಿ ಹಬ್ಬಿಸಿದ್ದಾಳೆ. ತಂಬುಳಿ ಮಾಡಿ ಒಂದು ಬಟ್ಟಲು ಮನೆಯೊಡತಿಗೆ ಕೊಟ್ಟು ಬಂದು, ಮತ್ತೊಂದನ್ನು ನನ್ನ ಮುಂದಿಟ್ಟಳು. ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಎದ್ದಳು. ಬಾಗಿಲು ಎಳೆದು, ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ನೀವೇನು ಮಾಡಿದಿರಿ? ಬರೆದು ತಿಳಿಸುತ್ತೀರಲ್ಲ? ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.