ಗಾಳಿ ಕೋವಿಯಿಂದ ಎಷ್ಟು ನಿರೀಕ್ಷಿಸಬಹುದು?

ತೋಟಕ್ಕೆ ಮಂಗಗಳು ಇಳಿದು ಸಿಯಾಳವನ್ನೂ ಎಳೆ ಅಡಿಕೆಯನ್ನೂ ಕಿತ್ತು ಬಿಸಾಡುವುದನ್ನು ಕಂಡಾಗ ಯಾವ ಕೃಷಿಕನಿಗೂ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಹಲವರು ಪೇಟೆಗೆ ಹೋಗಿ ಸ್ಪ್ರಿಂಗ್ ಇರುವ ಗಾಳಿ ಕೋವಿಯೊಂದನ್ನು ಕೊಂಡು ತರುತ್ತಾರೆ. "ಐವತ್ತು ಮೀಟರ್ ದೂರದ ನಾಣ್ಯಕ್ಕೂ ತಾಗುತ್ತದೆ" ಎಂಬ ಮಾತನ್ನು ನಂಬಿಯೇ ತರುವುದು. ಈ ಮಾತು ಎಷ್ಟು ನಿಜವೆಂದು ಈ ಸಲ ಸ್ವಲ್ಪ ವಿಚಾರ ಮಾಡೋಣ. ಕೋವಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದರ ಮೇಲೆ ನಾವಿಟ್ಟ ನಿರೀಕ್ಷೆಯೇ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅದು ಕೆಲಸ ಮಾಡುವ ರೀತಿಯನ್ನು ತಿಳಿಯಬೇಕು. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ಗಟ್ಟಿ ಸ್ಪ್ರಿಂಗ್ ಒತ್ತಿ ನಿಲ್ಲುತ್ತದೆ. ಕುದುರೆ ಎಳೆದೊಡನೆ ಸ್ಪ್ರಿಂಗ್ ಪಿಸ್ಟನನ್ನು ಮುಂದಕ್ಕೆ ದೂಡುತ್ತದೆ. ಆಗ ಕೋವಿ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತನ್ನ ಮುಂದಿನ ಗಾಳಿಯನ್ನು ಒತ್ತಿ ತಡೆದು ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಆರಂಭವಾಗುವಾಗ ಗುಂಡು ಇನ್ನೂ ನಳಿಗೆಯ ಒಳಗೇ ಇರುತ್ತದೆ. ಆದ್ದರಿಂದ ಕೋವಿಯನ್ನು ಹಿಡಿಯುವ ರೀತಿ ಒಂದಿಷ್ಟು ಬದಲಾದರೂ ಗುಂಡು ಬೇರೆ ಕಡೆ ಹೋಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದದ್ದನ್ನು ನೆನೆದು ನಮ್ಮ ಕೋವಿಯೂ ಹಾಗೆಯೇ ಎಂದು ತಿಳಿಯಬಾರದು. ಅಂಥ ಸ್ಪರ್ಧೆಯ ಕೋವಿಗಳಲ್ಲಿ ಮೊದಲೇ ಒತ್ತಿ ತುಂಬಿಸಿದ ಗಾಳಿ ಇರುತ್ತದೆ. ಈ ಭಾರೀ ಪಿಸ್ಟನಿನ ಕುಲುಕಾಟ ಅಲ್ಲಿಲ್ಲ. ಅಲ್ಲೂ ದೂರ 10 ಮೀಟರ್ ಮಾತ್ರ ಎಂಬುದನ್ನು ಮರೆಯಬಾರದು.

ನಿಮ್ಮ ಕೋವಿಯ ಯೋಗ್ಯತೆ ತಿಳಿಯಬೇಕಾದರೆ ಹೀಗೆ ಮಾಡಿ. ಮರಳು ತುಂಬಿದ ಗೋಣಿಗೆ ಕಾಗದ ಅಂಟಿಸಿ, 10 ಮೀಟರ್ ಅಳೆದು ಕುಳಿತು, ಒಂದೇ ಗುರಿಗೆ ಐದು ಗುಂಡು ಹೊಡೆಯಿರಿ. ಒಂದು ಗುಂಡು ತಾಗಿದ್ದನ್ನು ನೋಡಿ ಹಿಗ್ಗಬೇಡಿ. ಐದೂ ತೂತುಗಳು ಎಷ್ಟು ಅಗಲದಲ್ಲಿ ಚದುರಿವೆ ಎಂದು ಅಳೆಯಿರಿ. ಐದೂ ಒತ್ತಾಗಿ ಬಿದ್ದು ಗುರಿಯಿಂದ ಬದಿಗೆ ಸರಿದಿದ್ದರೆ ಗುರಿಕಣ್ಣನ್ನು ತಿದ್ದಿದರೆ ಸಾಕು. ಚದುರಿ ಬಿದ್ದಿದ್ದರೆ ದೋಷ ಕೈಯಲ್ಲಿ, ಗುಂಡಿನಲ್ಲಿ ಅಥವಾ ಸಡಿಲವಾದ ಸ್ಕ್ರೂಗಳಲ್ಲಿ ಇರುತ್ತದೆ. ಮನೆಬಳಕೆಯ ಕೋವಿ, ಸಾಧಾರಣ ಕೈ, ಒಳ್ಳೆಯ ಆಸರೆ ಇದ್ದಾಗ 2-3 ಸೆಂಟಿಮೀಟರಿನ ಒಳಗೆ ಬಿದ್ದರೆ ತೃಪ್ತಿಪಡಬೇಕು. ನಿಂತು ಹೊಡೆಯುವಾಗ ಅದರ ಇಮ್ಮಡಿಯಾದರೂ ಆಶ್ಚರ್ಯವಿಲ್ಲ.

ಈಗ ಲೆಕ್ಕ ನೋಡಿ. 10 ಮೀಟರಿನಲ್ಲಿ 5 ಸೆಂಟಿಮೀಟರ್ ಚದುರುವ ಗುಂಡು 40 ಮೀಟರಿನಲ್ಲಿ ಕಡಿಮೆಯೆಂದರೂ 20 ಸೆಂಟಿಮೀಟರ್ ಚದುರುತ್ತದೆ, ಅಂದರೆ ಒಂದು ಊಟದ ಬಟ್ಟಲಿನ ಅಗಲ. ಇದರ ಮೇಲೆ ಗುಂಡು ಕೆಳಗೆ ಬೀಳುವುದೂ ಇದೆ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟ ಗುಂಡು 10 ಮೀಟರಿನಲ್ಲಿ ಒಂದು ಸೆಂಟಿಮೀಟರಿನಷ್ಟು ಇಳಿದರೆ, 40 ಮೀಟರಿಗೆ ಮುಟ್ಟುವಾಗ ಸುಮಾರು ಒಂದು ಗೇಣು ಇಳಿದಿರುತ್ತದೆ. ಸಂಜೆಯ ಕಡಲಗಾಳಿ ಬೀಸಿದರೆ ಬದಿಗೂ ಸರಿಯುತ್ತದೆ. ಹೀಗಿರುವಾಗ ತೆಂಗಿನ ತುದಿಯಲ್ಲಿ ಕುಳಿತ ಜೀವಿಗೆ ಎಲ್ಲಿ ತಾಗುವುದೆಂದು ಯಾರು ಹೇಳಬಲ್ಲರು? ಅದು ಸಾಯುವುದಿಲ್ಲ. ಗುಂಡು ಮಾಂಸದಲ್ಲಿ ಉಳಿದು, ಗಾಯ ಕೀವಾಗಿ, ಎಷ್ಟೋ ದಿನ ನರಳುತ್ತದೆ. ಪ್ರಾಣಿಗಳನ್ನು ಅನಾವಶ್ಯಕವಾಗಿ ನರಳಿಸುವುದು ಮನುಷ್ಯನ ಘನತೆಗೆ ಸಲ್ಲದೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ತಿಳಿಸುತ್ತದೆ.

ಕಾನೂನನ್ನೂ ತಿಳಿದಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಳತೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಗಾಳಿ ಕೋವಿಗೆ ಪರವಾನಗಿ ಬೇಡ. ಆದರೆ ಕೋವಿಗೆ ಪರವಾನಗಿ ಬೇಡವೆಂದರೆ ಬೇಟೆಗೆ ಅನುಮತಿ ಇದೆ ಎಂದಲ್ಲ. ಮಂಗ, ನವಿಲು, ಕೆಂಜಳಿಲುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಾಡುಹಂದಿಯ ವಿಷಯದಲ್ಲಿ 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಅಧಿಕಾರ ಕೊಟ್ಟದ್ದು ನಿಜ. ಅದು ಪರವಾನಗಿಯುಳ್ಳ ಬಂದೂಕಿನವರಿಗೆ ಸಂಬಂಧಿಸಿದ್ದು, ಗಾಳಿ ಕೋವಿಗಲ್ಲ. ಬೆಳೆ ಹಾನಿಯಾದವರು ಫೋಟೊ ತೆಗೆದಿಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಲಿ. ಪರಿಹಾರ ತಡವಾಗುತ್ತದೆ, ಸಾಲುವುದಿಲ್ಲ ಎಂಬ ದೂರನ್ನು ನಾವೂ ಬಲ್ಲೆವು. ಹಾಗೆಂದು ಗುರಿ ನಿಲ್ಲದ ಕೋವಿ ಆ ಕೊರತೆಯನ್ನು ತುಂಬಲಾರದು. ನೆರೆಯ ನಾಲ್ಕು ಮನೆಯವರು ಸರದಿಯಂತೆ ನಾಯಿಯೊಡನೆ ಕಾವಲು ನಿಲ್ಲುವುದು ಅದಕ್ಕಿಂತ ಮೇಲು.

ಇನ್ನು ಆರೋಗ್ಯದ ಮಾತು. ಗುರಿ ತಪ್ಪಿದ ಗುಂಡು ಮುರಕಲ್ಲಿನ ಗೋಡೆಗೋ ಅಡಿಕೆ ಮರಕ್ಕೋ ತಾಗಿ ಹಿಂದಕ್ಕೆ ಚಿಮ್ಮಬಹುದು. ಅಂಗಳದಲ್ಲಿ ಆಡುವ ಮಗುವಿನ ಕಣ್ಣಿಗೆ ಅಷ್ಟೇ ಸಾಕು. ಅಂಥ ಅಪಾಯ ಸಂಭವಿಸಿದರೆ ಕಣ್ಣನ್ನು ಉಜ್ಜಬಾರದು, ತೊಳೆಯಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು. ಒತ್ತದಂತೆ ಕಾಗದದ ಲೋಟವನ್ನು ಕಣ್ಣಿನ ಮೇಲೆ ಕವುಚಿ ಕಟ್ಟಿ, ಕೂಡಲೇ ಕಣ್ಣಿನ ಆಸ್ಪತ್ರೆಗೆ ಒಯ್ಯಬೇಕು. ಗುಂಡುಗಳು ಸೀಸದವು, ಸೀಸ ವಿಷ, ಮಕ್ಕಳಿಗೆ ಹೆಚ್ಚು ಹಾನಿ. ಗುಂಡುಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬೇಡ. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದೇ ಊಟಕ್ಕೆ ಕೂರಬೇಕು.

ಕಾಗದದ ಗುರಿಗೆ ಹೊಡೆದು ಅಭ್ಯಾಸ ಮಾಡುವವರಿಗೆ ಕೆಲವು ಸೂಚನೆಗಳು. ಕೋವಿಯನ್ನು ಬಿಗಿಯಾಗಿ ಹಿಡಿಯದೆ ಅಂಗೈ ಮೇಲೆ ಮೆಲ್ಲನೆ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ. ನಳಿಗೆಯನ್ನು ಕಲ್ಲಿಗೆ ಒರಗಿಸಬೇಡಿ. ಜಜ್ಜಿದ ಗುಂಡನ್ನು ಬಿಟ್ಟುಬಿಡಿ. ಒಳಗೆ ತೆಂಗಿನೆಣ್ಣೆ ಬಿಡಬೇಡಿ. ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡು ಗುರಿಯೂ ಕೆಡುತ್ತದೆ, ಕೋವಿಯೂ ಕೆಡುತ್ತದೆ. ಗುಂಡಿಲ್ಲದೆ ಕುದುರೆ ಎಳೆಯಬೇಡಿ. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಹೀಗೆ ಬಳಸಿದರೆ ಗಾಳಿ ಕೋವಿ ತಾಳ್ಮೆಯನ್ನೂ ಏಕಾಗ್ರತೆಯನ್ನೂ ಕಲಿಸುವ ಒಳ್ಳೆಯ ಸಾಧನ. ತೋಟ ಕಾಯುವ ಸಾಧನ ಅದಲ್ಲ. ಕೊಳ್ಳಲು ಹೊರಟವರು ಮೊದಲು ಪರಿಚಯದವರ ಕೋವಿಯಿಂದ ಐದು ಗುಂಡು ಕಾಗದಕ್ಕೆ ಹೊಡೆದು ನೋಡಲಿ. ಆ ಐದು ತೂತುಗಳನ್ನು ಅಳೆದ ಮೇಲೆ ಮರದ ಕಡೆಗೆ ಕೋವಿ ಎತ್ತುವ ಮನಸ್ಸು ಯಾರಿಗೂ ಬರಲಾರದೆಂದು ನಮ್ಮ ನಂಬಿಕೆ.