ರಕ್ತದ ವರದಿ: ಒಂದೇ ಅಂಕಿ ನೋಡಿದರೆ ಸಾಲದು

ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಸಂಜೆ ಪುಸ್ತಕ ಹಿಡಿದರೆ ತೂಕಡಿಸುತ್ತಾಳೆ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಮನೆಯವರು ಅವಳ ಬೆರಳಿಗೆ ಸಿಕ್ಕಿಸಿ ನೋಡುತ್ತಾರೆ. 98 ಎಂದು ತೋರಿಸುತ್ತದೆ. 'ಆಮ್ಲಜನಕ ಸರಿಯಾಗಿದೆ, ಇದು ಬರೀ ಸೋಮಾರಿತನ' ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನ ಪೂರ್ತಿ ತಪ್ಪಾಗಿರಬಹುದು. ಹೇಗೆಂದು ನೋಡೋಣ.

ರಕ್ತದಲ್ಲಿ ಆಮ್ಲಜನಕ ಎರಡು ರೀತಿಯಲ್ಲಿ ಸಾಗುತ್ತದೆ. ಅತ್ಯಲ್ಪ ಭಾಗ ಸೋಡಾದಲ್ಲಿ ಅನಿಲ ಕರಗಿರುವಂತೆ ದ್ರವದಲ್ಲಿ ಕರಗಿರುತ್ತದೆ. ಉಳಿದದ್ದೆಲ್ಲ ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಹೋಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಸುಮಾರು 20 ಮಿಲಿಲೀಟರ್ ಆಮ್ಲಜನಕ ಸಿಗುತ್ತದೆ. ಕರಗಿರುವ ಭಾಗವಾದರೋ ಕೇವಲ 0.3 ಮಿಲಿಲೀಟರ್!

ಆಕ್ಸಿಮೀಟರ್ ಹೇಳುವುದು ಶೇಕಡಾವಾರು ಲೆಕ್ಕವನ್ನು ಮಾತ್ರ. ಐವತ್ತು ಸೀಟಿನ ಬಸ್ಸಿನಲ್ಲಿ 49 ಜನ ಕುಳಿತರೆ ಶೇ 98 ಭರ್ತಿ. ಅಂಥ ಎರಡು ಬಸ್ಸುಗಳಲ್ಲಿ 98 ಜನ ಕುಳಿತರೂ ಶೇ 98 ಭರ್ತಿಯೇ. ಆದರೆ ಊರು ತಲುಪಿದವರ ಸಂಖ್ಯೆ ಒಂದೇ ಏನು? ಹಿಮೋಗ್ಲೋಬಿನ್ 7.5 ಗ್ರಾಂ ಇರುವವರಿಗೂ 15 ಗ್ರಾಂ ಇರುವವರಿಗೂ ಆಕ್ಸಿಮೀಟರ್ 98 ಎಂದೇ ತೋರಿಸಬಹುದು. ಮೊದಲಿನವರ ರಕ್ತದಲ್ಲಿರುವ ಆಮ್ಲಜನಕ ಮಾತ್ರ ಅರ್ಧದಷ್ಟೇ.

ಈಗ ಆಸ್ಪತ್ರೆಗಳಲ್ಲಿ 'ಎಬಿಜಿ' ಎಂದು ಕರೆಯುವ ಪರೀಕ್ಷೆಗೆ ಬರೋಣ. ಸಾಮಾನ್ಯ ಪರೀಕ್ಷೆಗೆ ಅಭಿಧಮನಿಯಿಂದ ರಕ್ತ ತೆಗೆದರೆ, ಇದಕ್ಕೆ ಅಪಧಮನಿಯಿಂದ, ಹೆಚ್ಚಾಗಿ ಮಣಿಕಟ್ಟಿನ ಬಳಿ ತೆಗೆಯುತ್ತಾರೆ. ಗಾಳಿಗುಳ್ಳೆ ಉಳಿಯದಂತೆ ನೋಡಿಕೊಂಡು, ತಡಮಾಡದೆ ಯಂತ್ರಕ್ಕೆ ಕೊಡಬೇಕು. ಏಕೆಂದರೆ ಸಿರಿಂಜಿನೊಳಗೂ ರಕ್ತಕಣಗಳು ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ.

ವರದಿಯಲ್ಲಿ ಮುಖ್ಯವಾಗಿ ನಾಲ್ಕು ಅಂಕಿಗಳು. ಪಿಎಚ್ 7.35ರಿಂದ 7.45, ಇಂಗಾಲದ ಡೈ ಆಕ್ಸೈಡ್ ಒತ್ತಡ 35ರಿಂದ 45 ಮಿಲಿಮೀಟರ್ ಪಾದರಸ, ಬೈಕಾರ್ಬೊನೇಟ್ 22ರಿಂದ 26, ಆಮ್ಲಜನಕದ ಒತ್ತಡ 80ರಿಂದ 100. ಈ ಕೊನೆಯ ಅಂಕಿ ಕರಗಿರುವ ಆಮ್ಲಜನಕಕ್ಕೆ ಸಂಬಂಧಿಸಿದ್ದು. ಶ್ವಾಸಕೋಶ ಚೆನ್ನಾಗಿದ್ದರೆ ರಕ್ತಹೀನತೆ ಇದ್ದವರಲ್ಲೂ ಅದು ಸರಿಯಾಗಿಯೇ ಇರುತ್ತದೆ. ಆದ್ದರಿಂದಲೇ ವೈದ್ಯರು ಹಿಮೋಗ್ಲೋಬಿನ್ ಅನ್ನೂ ಜೊತೆಗಿಟ್ಟು ನೋಡುತ್ತಾರೆ.

ಒಂದು ಉದಾಹರಣೆ: ಪಿಎಚ್ 7.22, ಇಂಗಾಲದ ಡೈ ಆಕ್ಸೈಡ್ 25, ಬೈಕಾರ್ಬೊನೇಟ್ 10. ಪಿಎಚ್ ಇಳಿದಿದೆ, ಅಂದರೆ ಆಮ್ಲ ಹೆಚ್ಚಾಗಿದೆ. ಇಂಗಾಲದ ಡೈ ಆಕ್ಸೈಡ್ ಕಡಿಮೆ ಇರುವುದರಿಂದ ತಪ್ಪು ಉಸಿರಾಟದ್ದಲ್ಲ; ಬೈಕಾರ್ಬೊನೇಟ್ ಕುಸಿದಿರುವುದೇ ಕಾರಣ. ಹತೋಟಿ ಮೀರಿದ ಮಧುಮೇಹದಲ್ಲಿ ಹೀಗಾಗುವುದುಂಟು. ರೋಗಿ ಜೋರಾಗಿ ಉಸಿರಾಡುವುದು, ಆಮ್ಲವನ್ನು ಅನಿಲವಾಗಿ ಹೊರಹಾಕಲು ದೇಹ ಮಾಡುವ ಪ್ರಯತ್ನ.

ಒಂದೇ ಅಂಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ, ಉಸಿರಾಟದ ಸ್ನಾಯುಗಳು ಸೋತು ರೋಗಿಗಳು ಸಾಯತೊಡಗಿದರು. ಅವರ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಿತ್ತು. ವೈದ್ಯರು ಇದನ್ನು ಪ್ರತ್ಯಾಮ್ಲದ ತೊಂದರೆ ಎಂದೇ ತಿಳಿದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ. ಉಸಿರಾಟ ಸಾಲದೆ ಇಂಗಾಲದ ಡೈ ಆಕ್ಸೈಡ್ ಒಳಗೇ ಉಳಿದಿದೆ ಎಂಬುದು ಅವರ ವಾದ. ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಹಾಕಿ, ಚೀಲ ಒತ್ತಿ ಉಸಿರು ಕೊಟ್ಟರು, ಆಕೆ ಬದುಕಿದಳು. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ಪಿಎಚ್ ಅಳೆದಾಗ ರೋಗಿಗಳ ರಕ್ತ ಆಮ್ಲೀಯವಾಗಿತ್ತು! ಮುಂದೆ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಹಗಲು ರಾತ್ರಿ ಪಾಳಿಯಲ್ಲಿ ಕುಳಿತು ಚೀಲ ಒತ್ತಿ ಜೀವ ಉಳಿಸಿದರು.

ಪೋಷಕರಿಗೆ ಎರಡು ಮಾತು. 12ರಿಂದ 14 ವರ್ಷದ ಮಕ್ಕಳಿಗೂ ಅದಕ್ಕಿಂತ ದೊಡ್ಡ ಹುಡುಗಿಯರಿಗೂ ಹಿಮೋಗ್ಲೋಬಿನ್ ಕನಿಷ್ಠ 12 ಗ್ರಾಂ, 15 ದಾಟಿದ ಹುಡುಗರಿಗೆ 13 ಗ್ರಾಂ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಹಾಗಾಗಿ ಮಗಳು ಸದಾ ದಣಿದಿದ್ದರೆ ಬೈಯುವ ಮೊದಲು ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ಜೋರಾಗಿ ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ಕಡಿಮೆ ಬರಬಹುದು; ಅನುಮಾನವಿದ್ದರೆ ಅಭಿಧಮನಿಯ ರಕ್ತದಲ್ಲಿ ಮತ್ತೆ ನೋಡಿಸಿ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಎಸೆಯದಂತೆ ನೋಡಿಕೊಳ್ಳಿ. ಮಲ ಕಪ್ಪಾದರೆ ಹೆದರಬೇಕಿಲ್ಲ. ಊಟದ ಜೊತೆ ಕಾಫಿ, ಚಹಾ ಬೇಡ; ಸೊಪ್ಪು, ಕಾಳಿನ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ. ಬಿ12 ಕೊರತೆ, ಥಲಸ್ಸೇಮಿಯಾ ಮುಂತಾದವೂ ಇವೆ. ಚಿಕಿತ್ಸೆ ಏನೆಂಬುದನ್ನು ವೈದ್ಯರೇ ಹೇಳಲಿ.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: ಹಿಮೋಗ್ಲೋಬಿನ್ 9 ಗ್ರಾಂ, ಆಕ್ಸಿಮೀಟರಿನಲ್ಲಿ 98. ಹಿಮೋಗ್ಲೋಬಿನ್ ಹೊತ್ತಿರುವ ಆಮ್ಲಜನಕ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು? ಇದನ್ನೇ 14 ಗ್ರಾಂ ಇದ್ದವರಿಗೂ ಲೆಕ್ಕ ಹಾಕಿ ಹೋಲಿಸಿ. (ಉತ್ತರ: ಸುಮಾರು 11.8 ಮತ್ತು 18.4 ಮಿಲಿಲೀಟರ್.)