ಹಟವಲ್ಲ, ದೇಹಧರ್ಮ

ಬೊರಿವಲಿಯಿಂದ ಚರ್ಚ್‌ಗೇಟಿಗೆ ನಿತ್ಯ ಪಯಣಿಸುವ ತರುಣಿ ತಿಂಗಳಲ್ಲಿ ಕೆಲವು ದಿನ ಸಿಡುಕಿದರೆ, ಕಣ್ಣೀರಿಟ್ಟರೆ, ಮನೆಯವರು ಅದನ್ನು ಹಟವೆಂದು ಬಗೆಯುತ್ತಾರೆ. ವೈದ್ಯಶಾಸ್ತ್ರ ಹಾಗೆನ್ನುವುದಿಲ್ಲ. ಅಂಡವು ಬಿಡುಗಡೆಯಾದ ಅನಂತರ ಹಾರ್ಮೋನುಗಳಲ್ಲಾಗುವ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸ್ಪಂದಿಸುತ್ತದೆ. ಮುಟ್ಟು ಆರಂಭವಾದ ಕೆಲವೇ ದಿನಗಳಲ್ಲಿ ಮನಸ್ಸು ತಿಳಿಯಾಗುತ್ತದೆ. 1953ರಲ್ಲಿ ಇಂಗ್ಲೆಂಡಿನ ವೈದ್ಯರಾದ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಇದನ್ನು ಮುಟ್ಟಿನ ಪೂರ್ವದ ಲಕ್ಷಣಕೂಟವೆಂದು ಕರೆದರು.

2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟವು ದುಡಿಯುವ ಸ್ತ್ರೀಯರಿಗೆ ವರ್ಷಕ್ಕೆ 12 ದಿನಗಳ ಮುಟ್ಟಿನ ರಜೆಗೆ ಸಮ್ಮತಿಸಿತು. ಆದರೆ ರಜೆಯೊಂದೇ ಸಾಲದು, ಅರಿವೂ ಬೇಕು. ಎರಡು ತಿಂಗಳ ಮನಃಸ್ಥಿತಿಯನ್ನು ದಿನಾಂಕಸಹಿತ ಬರೆದಿಟ್ಟರೆ ತರುಣಿಗೆ ತನ್ನ ಮನಸ್ಸಿನ ಲೆಕ್ಕ ಸಿಗುತ್ತದೆ, ವೈದ್ಯರಿಗೂ ಆಧಾರ ದೊರೆಯುತ್ತದೆ. ಬದುಕೇ ಬೇಡವೆನಿಸಿದರಂತೂ ತಡಮಾಡದೆ ವೈದ್ಯರನ್ನು ಕಾಣಬೇಕು. ಹಾಗೆಂದು ಆಕೆಯ ನ್ಯಾಯವಾದ ಸಿಟ್ಟನ್ನೆಲ್ಲ ಮುಟ್ಟಿನ ತಲೆಗೆ ಕಟ್ಟುವುದೂ ಸಲ್ಲದು.